ಏಳನೇ ವಿಭಾಗ

ಜೂನ್ 3, ಸೋಮವಾರ

ಇವತ್ತಿನಿಂದ ಆಫೀಸಿನ ಕೆಲಸವನ್ನು ಇಲ್ಲಿ ಬರೆದಿಡುತ್ತೇನೆ. ಕೆಲಸ ಮಾತ್ರ. ಈಚೆಗೆ ತಲೆಯಲ್ಲಿ ಏನೂ ನಿಲ್ಲುತ್ತಿಲ್ಲ, ಬೆಳಿಗ್ಗೆ ಪರೀಕ್ಷೆ ಮಾಡಿದ್ದನ್ನೇ ಮಧ್ಯಾಹ್ನ ಮತ್ತೆ ಮಾಡುತ್ತಿರುತ್ತೇನೆ.

ನಮ್ಮ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಏಳು ವಿಭಾಗಗಳಿವೆ. ಯಾರಾದರೂ ಸರ್ಚ್‌ನಲ್ಲಿ ಮಂಡಿನೋವು ಎಂದು ಟೈಪ್ ಮಾಡಿದರೆ ನಮ್ಮ ಮೂಳೆ ವಿಭಾಗ ಮೇಲೆಯೇ ಸಿಗುತ್ತದೆ. ಎದೆನೋವು ಎಂದರೆ ಹೃದಯದ್ದು. ಹೆರಿಗೆ ವಿಭಾಗವಂತೂ ಹೇಳುವುದೇ ಬೇಡ. ಅದರ 'ಹೊಟ್ಟೆಯಲ್ಲಿ ಮಗುವಿನ ಚಲನೆ' ಎಂಬ ಪುಟ ದೊಡ್ಡ ದೊಡ್ಡ ಆಸ್ಪತ್ರೆಗಳನ್ನೆಲ್ಲ ಹಿಂದೆ ಹಾಕಿ ಮೊದಲನೇ ಸ್ಥಾನದಲ್ಲಿ ಕೂತಿದೆ. ಅಲ್ಲಿಗೆ ಹತ್ತಿಸಿದವನು ನಾನೇ. ಆದರೆ ಏಳನೇ ವಿಭಾಗ ಎಲ್ಲೂ ಇಲ್ಲ. ಹೆಬ್ಬೆರಳು ನೋಯುವವರೆಗೂ ಫೋನಿನ ಪರದೆ ಉಜ್ಜಿದೆ. ಇಲ್ಲ.

ನಮ್ಮ ಮ್ಯಾನೇಜರಿಗೆ ನಾವಿಟ್ಟ ಹೆಸರು ಏರುಮುಖ. ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಪದ ಅದು. "ಒಂದೇ ಸೈಟು, ಒಂದೇ ಹೆಸರು. ಆರು ಏರುಮುಖ, ಒಂದು ಪಾತಾಳ. ಯಾಕೆ ಅಂತ ಹುಡ್ಕಿ. ಜುಲೈ ಕೊನೆಗೆ ಹೊಸ ವಿನ್ಯಾಸ ಬರುತ್ತೆ. ಅಷ್ಟರಲ್ಲಿ ಮೇಲೆ ಬರ್ಲಿಲ್ಲ ಅಂದ್ರೆ ಏಳನೇದನ್ನ ತೆಗೆದುಬಿಡೋಣ. ಯಾರೂ ಓದದೇ ಇರೋದನ್ನ ಇಟ್ಕೊಂಡು ಏನ್ ಮಾಡೋದು?" ಎಂದರು.

ವಿಭಾಗದ ಹೆಸರು 'ಮಗು ಉಳಿಯದಿದ್ದಾಗ'. ಇಲ್ಲಿ ಏಳನೇ ವಿಭಾಗ ಎಂದೇ ಬರೆಯುತ್ತೇನೆ, ಚಿಕ್ಕದಾಗಿರುತ್ತದೆ.

ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ನಡೆದ ವಿಷಯ ಏರುಮುಖರಿಗೆ ಗೊತ್ತಿದೆ. ಎಂಟು ತಿಂಗಳು ತುಂಬಿತ್ತು, ಬರಿಗೈಯಲ್ಲಿ ವಾಪಸ್ ಬಂದೆವು. ರಜೆಯ ಅರ್ಜಿಗೆ ಸಹಿ ಹಾಕಿದವರೇ ಅವರು. ಮರೆತು ಈ ಕೆಲಸ ಕೊಟ್ಟರೋ, ಬೇರೆ ಯಾರೂ ಇಲ್ಲವೆಂದು ಕೊಟ್ಟರೋ, ಕೇಳಲಿಲ್ಲ. ಆ ವಿಷಯ ಇಲ್ಲಿ ಬರೆಯುವುದಿಲ್ಲ.

ಜೂನ್ 5, ಬುಧವಾರ

ಮೊದಲ ಅನುಮಾನ ವೇಗದ ಮೇಲೆ. ಪುಟ ತೆರೆಯಲು ಒದ್ದಾಡಿದರೆ ಸರ್ಚ್ ಮುಖ ತಿರುಗಿಸುತ್ತದೆ. ಅಳೆದೆ. ಏಳನೇ ವಿಭಾಗವೇ ಎಲ್ಲಕ್ಕಿಂತ ಚುರುಕು, ಅದರಲ್ಲಿ ಚಿತ್ರಗಳೇ ಇಲ್ಲ. ಎರಡನೆಯದು ಬಾಗಿಲು. ಸರ್ಚ್ ಕಳಿಸುವ ರೋಬೋಟಿಗೆ 'ಈ ಕಡೆ ಬರಬೇಡ' ಎಂದು ಹೇಳುವ ಒಂದು ಫೈಲು ಪ್ರತಿ ಸೈಟಿನಲ್ಲೂ ಇರುತ್ತದೆ. ಅದರಲ್ಲಿ ಏಳನೆಯದರ ಹೆಸರಿಲ್ಲ. ಎಲ್ಲ ಪುಟಗಳ ಪಟ್ಟಿಯಿರುವ ಸೈಟಿನ ನಕ್ಷೆ ನೋಡಿದೆ, ಅದರಲ್ಲಿ ಹೆಸರಿದೆ. ವಿಭಾಗದ ಮುಖಪುಟ ತೆರೆದು ಒಳಗಿನ ಕೋಡನ್ನು ಸಾಲುಸಾಲಾಗಿ ಓದಿದೆ. ಎಲ್ಲ ಸರಿಯಾಗಿದೆ.

ಅದರ ಕೆಳಗೆ ಆರು ಒಳಪುಟಗಳಿವೆ. ಅಚ್ಚು ಒಂದೇ ಆದ್ದರಿಂದ ಅವೂ ಸರಿಯಾಗಿಯೇ ಇರುತ್ತವೆ. ತೆರೆಯಲಿಲ್ಲ.

ಕನ್ನಡಕ ಎಡಗಡೆ ಇಳಿಯುತ್ತಿದೆ, ಪರದೆ ನೋಡಲು ಕಿರಿಕಿರಿ. ನನ್ನ ಬಲಗಿವಿ ಎಡಗಿವಿಗಿಂತ ಮೇಲಿದೆ. ಇದು ನನಗೆ ತಿಳಿದದ್ದೇ ಕನ್ನಡಕದ ಅಂಗಡಿಯಲ್ಲಿ, ಇವಳನ್ನು, ನನ್ನ ಹೆಂಡತಿಯನ್ನು, ಮೊದಲ ಸಲ ನೋಡಿದ ದಿನ. ಕೌಂಟರಿನ ಆಚೆ ನಿಂತು ನನ್ನ ಮುಖಕ್ಕೆ ಸ್ಕೇಲ್ ಹಿಡಿದು, "ನಿಮ್ಮ ಕಿವಿ ಮೇಲೆ ಕೆಳಗೆ ಇದೆ, ಮನೇಲಿ ಯಾರೂ ಹೇಳಿಲ್ವಾ?" ಎಂದು ಕೇಳಿ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿದ್ದಳು. ಮದುವೆಯಾದ ಮೇಲೆ ಕನ್ನಡಕ ಒಂದು ಕೂದಲಷ್ಟು ಓರೆಯಾದರೂ ಮೂಗಿನಿಂದಲೇ ಕಿತ್ತುಕೊಂಡು ಸರಿ ಮಾಡುತ್ತಿದ್ದಳು. ಈಗ ಇವಳು ಅಂಗಡಿಗೆ ಹೋಗುವುದಿಲ್ಲ. ನನ್ನ ಮುಖದ ಕಡೆ ನೋಡುವುದೂ ಇಲ್ಲ.

ಕೆಲಸ ಮಾತ್ರ ಎಂದಿದ್ದೆ. ಸರಿ.

ಜೂನ್ 10, ಸೋಮವಾರ

ಏಳನೇ ವಿಭಾಗವನ್ನು ಬರೆದವರು ಹೆರಿಗೆ ವಾರ್ಡಿನ ಹಿರಿಯ ನರ್ಸ್. ಎಲ್ಲರೂ ಅವರನ್ನು ಬರೀ ಸಿಸ್ಟರ್ ಎನ್ನುತ್ತಾರೆ, ಇಡೀ ಆಸ್ಪತ್ರೆಯಲ್ಲಿ ಬೇರೆ ಸಿಸ್ಟರುಗಳೇ ಇಲ್ಲವೇನೋ ಎನ್ನುವ ಹಾಗೆ. ಬಟ್ಟೆಯ ಕೋಣೆಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಿಸುತ್ತಿದ್ದರು. ಒಂದು ತುದಿ ನನ್ನ ಕೈಗೆ ಕೊಟ್ಟರು, ಮಡಿಸುತ್ತಲೇ ಮಾತಾಡಿದೆವು.

"ನಿಮ್ಮ ಪುಟಗಳು ಸರ್ಚಲ್ಲಿ ಬರ್ತಾ ಇಲ್ಲ ಸಿಸ್ಟರ್."

"ನಂಗೂ ಗೊತ್ತು ಕಣಪ್ಪಾ. ಅಕ್ಕನ ಮಗಳ ಕೈಲಿ ಹುಡುಕ್ಸಿದೆ, ಸಿಗ್ಲಿಲ್ಲ. ಬಾಯಲ್ಲಿ ಇಷ್ಟು ವರ್ಷ ಹೇಳಿದ್ದನ್ನೇ ಬರ್ದಿದ್ದು ನಾನು. ಬರವಣಿಗೆ ಚೆನ್ನಾಗಿಲ್ವೇನೋ ಅಂದ್ಕೊಂಡು ಸುಮ್ನಾದೆ."

"ತಪ್ಪು ಬರವಣಿಗೇದಲ್ಲ. ಬೇರೆ ಏನೋ ಇದೆ."

"ಓದಿದ್ಯಾ?"

"ಹ್ಞೂಂ, ನೋಡಿದೆ."

"ನೋಡೋದಲ್ಲ. ಓದಿದ್ಯಾ?"

ಫೋನ್ ಬಂತು ಎಂದು ಸುಳ್ಳು ಹೇಳಿ ಹೊರಗೆ ಬಂದೆ. ಹೊದಿಕೆಯ ತುದಿಯನ್ನು ಹಾಗೇ ನೆಲಕ್ಕೆ ಬಿಟ್ಟು ಬಂದಿದ್ದೆ ಎಂದು ಆಮೇಲೆ ನೆನಪಾಯಿತು.

ಆ ದಿನ ಇವಳನ್ನು ನಮ್ಮ ಆಸ್ಪತ್ರೆಗೆ ಕರೆತರಲು ಸಮಯವಿರಲಿಲ್ಲ. ಮನೆಯ ಹತ್ತಿರದ ಸಣ್ಣ ನರ್ಸಿಂಗ್ ಹೋಮಿಗೆ ಹೋದೆವು. ಸಿಸ್ಟರಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಪುಣ್ಯಕ್ಕೆ ಇವತ್ತು ಅದನ್ನು ಎತ್ತಲಿಲ್ಲ.

ಜೂನ್ 13, ಗುರುವಾರ

ಕೆಲಸ ಮನೆಗೆ ತಂದೆ. ಚಿಕ್ಕ ಕೋಣೆಯಲ್ಲಿ ಕೂರುವ ಹಾಗಿಲ್ಲ. ಅಲ್ಲಿ ಈಗ ಇಸ್ತ್ರಿ ಮೇಜು ಇದೆ, ಮಗುವಿಗೆಂದು ಹೊಸದಾಗಿ ಬಳಿದ ಹಳದಿ ಗೋಡೆ ಇದೆ, ಬಾಗಿಲು ಹಾಕಿರುತ್ತದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಏಪ್ರಿಲ್‌ನಿಂದ ನಮ್ಮ ಜೊತೆ ಇರುವ ಅತ್ತೆ ಎದುರು ಕೂತು ಅವರೆ ಬಿಡಿಸುವ ಹಾಗೆ ನನ್ನನ್ನು ಬಿಡಿಸಲು ಶುರು ಮಾಡಿದರು.

"ದಿನಾ ಏನು ಹುಡುಕ್ತಿರ್ತೀರಾ?"

"ನಮ್ಮ ಸೈಟಿನ ಪುಟ ಅತ್ತೆ."

"ಅದು ನಿಮ್ಮ ಹತ್ರಾನೇ ಇದ್ಯಲ್ಲ?"

"ಇದೆ. ಬೇರೆಯವರು ಹುಡುಕಿದ್ರೆ ಸಿಗುತ್ತಾ ಅಂತ ನೋಡ್ಬೇಕು."

"ನಮ್ದನ್ನೇ ನಾವು ಹುಡುಕೋದಕ್ಕೂ ಸಂಬಳ ಕೊಡ್ತಾರಾ! ನಾನೂ ದಿನಾ ನನ್ನ ಕನ್ನಡಕ ಹುಡುಕ್ತೀನಿ, ನಂಗ್ಯಾರೂ ಒಂದು ಕಾಸು ಕೊಟ್ಟಿಲ್ಲ."

ಕಿಟಕಿಯ ಹತ್ತಿರ ಕೂತಿದ್ದ ಇವಳ ತುಟಿ ಸ್ವಲ್ಪ ಅಲುಗಿತು. ನಗು ಬರುತ್ತದೆ ಎಂದುಕೊಂಡೆ. ಬರಲಿಲ್ಲ, ಎದ್ದು ಹೋದಳು.

ಇವಳು ಹೋದ ಮೇಲೆ ಅತ್ತೆ ದನಿ ತಗ್ಗಿಸಿ, "ಮುಂದಿನ ತಿಂಗಳು ಇವಳನ್ನ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಅವಳೂ ಹ್ಞೂಂ ಅಂದಿದಾಳೆ" ಎಂದರು.

"ಎಷ್ಟು ದಿನ?"

"ಬರ್ಬೇಕು ಅಂತ ಅವಳಿಗೆ ಅನ್ನಿಸ್ದಾಗ ಬರ್ತಾಳೆ."

ಅನ್ನಿಸದೇ ಹೋದರೆ ಎಂದು ಕೇಳಲು ಧೈರ್ಯವಾಗಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಎತ್ತಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ಮಾತಾಡದೇ ಇದ್ದರೆ ಬೇಗ ಮಾಯುತ್ತದೆಯಂತೆ. ನನಗೂ ಅದೇ ಅನುಕೂಲವಾಗಿದೆ. ಆದರೆ ಒಂದು ವಿಷಯ ಮಾತಾಡಬಾರದು ಎಂದು ಹೊರಟರೆ ಉಳಿದವೂ ಅದರ ಹಿಂದೆಯೇ ಹೋಗುತ್ತವೆ. ಈಗ ನಮ್ಮಿಬ್ಬರ ನಡುವೆ ಉಳಿದಿರುವುದು ನೀರಿನ ಮೋಟರು, ಹಾಲಿನ ಪ್ಯಾಕೆಟ್ಟು, ಬೀಗದ ಕೈ.

ಜೂನ್ 19, ಬುಧವಾರ

ಸಿಕ್ಕಿತು ಎನ್ನಿಸುತ್ತದೆ!

ಒಂದು ಪುಟಕ್ಕೆ ಸರ್ಚ್ ಎಷ್ಟು ಬೆಲೆ ಕೊಡುತ್ತದೆ ಎನ್ನುವುದು ಬೇರೆ ಪುಟಗಳು ಅದರ ಕಡೆ ಎಷ್ಟು ಕೈ ತೋರಿಸುತ್ತವೆ ಎನ್ನುವುದರ ಮೇಲೂ ನಿಂತಿದೆ. ನಮ್ಮ ಮಂಡಿಯ ಪುಟದಲ್ಲಿ ಸೊಂಟದ ಪುಟಕ್ಕೆ ಲಿಂಕ್ ಇದೆ, ಸೊಂಟದಿಂದ ಬೆನ್ನಿಗೆ ಇದೆ, ಬೆನ್ನಿನಿಂದ ಮತ್ತೆ ಮಂಡಿಗೆ. ಹೃದಯದವರು ಸಕ್ಕರೆ ಕಾಯಿಲೆಯವರನ್ನು ತೋರಿಸುತ್ತಾರೆ, ಅವರು ಕಣ್ಣಿನವರನ್ನು. ಏಳನೇ ವಿಭಾಗದ ಕಡೆ ಯಾರೂ ಕೈ ತೋರಿಸುವುದಿಲ್ಲ. ಪಕ್ಕದಲ್ಲೇ ಇರುವ ಹೆರಿಗೆ ವಿಭಾಗದ ಒಂದು ಪುಟದಲ್ಲೂ ಅದರ ಹೆಸರಿಲ್ಲ. ಒಂದೇ ಮನೆಯಲ್ಲಿದ್ದೂ ಇಲ್ಲದ ಹಾಗೆ ಇದೆ.

ಹೆರಿಗೆ ವಿಭಾಗದ ಮುಖ್ಯಸ್ಥೆಯ ಹತ್ತಿರ ಹೋದೆ. ಅವರನ್ನು ದೊಡ್ಡ ಡಾಕ್ಟರ್ ಎನ್ನುತ್ತೇವೆ, ಆಳು ಮಾತ್ರ ನನ್ನ ಭುಜಕ್ಕೂ ಬರುವುದಿಲ್ಲ. ಲಿಂಕ್ ಹಾಕಲು ಅವರ ಒಪ್ಪಿಗೆ ಬೇಕು.

"ಚೊಚ್ಚಲ ಬಸುರಿ ನೆಮ್ಮದಿಯಾಗಿ ಕೂತ್ಕೊಂಡು ಓದ್ತಿರ್ತಾಳೆ. ಪಕ್ಕದಲ್ಲೇ 'ಮಗು ಉಳಿಯದಿದ್ದಾಗ' ಅಂತ ಕಂಡ್ರೆ ಅವಳ ಗತಿ ಏನು? ಹೆದರಿ ಸಾಯ್ತಾಳೆ. ಆಗಲ್ಲ" ಎಂದರು. "ಅಂಥದ್ದಾದಾಗ ಹೇಳೋಕೆ ಸಿಸ್ಟರ್ ಇದಾರಲ್ಲ. ಪಕ್ಕದಲ್ಲೇ ಕೂತು ಹೇಳ್ತಾರೆ. ಸರ್ಚ್ ಯಾಕೆ ಬೇಕು?"

ಅವರದು ಕೆಟ್ಟ ಮನಸ್ಸಲ್ಲ. ಬಾಗಿಲವರೆಗೂ ಬಂದು, "ನಿಮ್ಮನೆಯವರು ಹೇಗಿದಾರೆ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಲಿಂಕಿನ ಬಗ್ಗೆ ಅವರು ಹೇಳಿದ್ದು ನನಗೂ ಸರಿ ಎನ್ನಿಸಿತು. ಅಥವಾ ಆ ಕೋಣೆಯಿಂದ ಹೊರಗೆ ಬಂದರೆ ಸಾಕಾಗಿತ್ತು. ಗೋಡೆಯ ತುಂಬ ಎಳೆ ಮಕ್ಕಳ ಫೋಟೋಗಳು.

ಜೂನ್ 20, ಗುರುವಾರ

ತಲೆನೋವು. ಬರೆಯುವಂಥದ್ದೇನೂ ಇಲ್ಲ.

ಜೂನ್ 23, ಭಾನುವಾರ

ಅತ್ತೆ ತರಕಾರಿಗೆ ಹೋಗಿದ್ದರು. ನಾನು ಊಟದ ಮೇಜಿನಲ್ಲಿ ಕೂತು ಮಗುವಿನ ಚಲನೆಯ ಪುಟವನ್ನು ತೆರೆದಿಟ್ಟುಕೊಂಡಿದ್ದೆ, ಮೇಲಿರುವ ಪುಟದಲ್ಲಿ ಏನಿದೆ, ಕೆಳಗಿರುವುದರಲ್ಲಿ ಏನಿಲ್ಲ ಎಂದು ಹೋಲಿಸಲು. ನೀರು ಕುಡಿಯಲು ಬಂದ ಇವಳು ನನ್ನ ಬೆನ್ನ ಹಿಂದೆ ನಿಂತಳು. ಲೋಟ ಮೇಜಿನ ಮೇಲಿಟ್ಟ ಸದ್ದಾಯಿತು.

"ಈ ಪುಟ ನಿಮ್ದಾ?"

"ಬರ್ದಿದ್ದು ದೊಡ್ಡ ಡಾಕ್ಟರು. ಮೇಲೆ ತಂದಿದ್ದು ನಾನು."

"ಅದಕ್ಕೇ."

"ಅದಕ್ಕೇ ಅಂದ್ರೆ?"

"ಅದಕ್ಕೇ ಎಲ್ಲಾದಕ್ಕೂ ಇದೇ ಬಂತು."

ಕುರ್ಚಿ ಎಳೆದುಕೊಂಡು ಕೂತಳು. ನನ್ನ ಕಡೆ ನೋಡಲಿಲ್ಲ, ಪರದೆಯನ್ನೇ ನೋಡುತ್ತ ಮಾತಾಡಿದಳು. ಇಷ್ಟು ಉದ್ದಕ್ಕೆ ಮಾತಾಡಿದ್ದು ಏಪ್ರಿಲ್ ಆದಮೇಲೆ ಇದೇ ಮೊದಲು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅವತ್ತು ಬೆಳಿಗ್ಗೆ ಅಲುಗಾಡ್ತಿಲ್ಲ ಅನ್ನಿಸ್ದಾಗ ಮೊದಲು ಓದಿದ್ದೇ ಇದನ್ನ. ಕಾಯಬೇಡಿ, ತಕ್ಷಣ ಬನ್ನಿ ಅಂತಿತ್ತು. ಓದಿದ್ದೇ ನಿಮ್ಮನ್ನ ಎಬ್ಬಿಸ್ದೆ. ಒಳ್ಳೇ ಪುಟ, ತಪ್ಪೇನೂ ಹೇಳಿಲ್ಲ. ಆಮೇಲೆ ಅಲ್ಲಿ ಎಲ್ಲಾ ಆಯ್ತಲ್ಲ, ನಾನು ಮಂಚದ ಮೇಲಿದ್ದೆ. ನೀವೂ ಅಮ್ಮನೂ ಡಾಕ್ಟ್ರೂ ಬಾಗಿಲಾಚೆ ಮಾತಾಡ್ತಿದ್ರಿ. ತಾಯಿಗೆ ತೋರಿಸ್ಬೇಡಿ, ತಡ್ಕೊಳ್ಳಲ್ಲ ಅಂತ ಯಾರೋ ಹೇಳಿದ್ದು ಕೇಳಿಸ್ತು. ನಾನು ಕೇಳಬಹುದಾ, ಕೇಳಬಾರದಾ, ಗೊತ್ತಾಗ್ಲಿಲ್ಲ. ಯಾರನ್ನ ಕೇಳೋದು? ಫೋನ್ ತಗೊಂಡು ಬರ್ದೆ. 'ಸತ್ತು ಹುಟ್ಟಿದ ಮಗುವನ್ನು ತಾಯಿ ನೋಡಬಹುದಾ' ಅಂತ. ಇದು ಬಂತು. 'ಎತ್ತಿಕೊಳ್ಳಬಹುದಾ' ಅಂತ ಬರ್ದೆ. ಮತ್ತೆ ಇದೇ. ಅದೇ ಪುಟ, ಮೇಲೆ ಇದೇ ನಗೋ ಮಗು. ಏನು ಬರೆದ್ರೂ ಇದೇ ನಗ್ತಾ ಬರ್ತಿತ್ತು. ಆಮೇಲೆ ಫೋನ್ ಬೋರಲು ಹಾಕಿದೆ. ಅಷ್ಟೊತ್ತಿಗೆ ತಗೊಂಡು ಹೋಗಿಬಿಟ್ಟಿದ್ರು."

ಆಗ ನಾನು ಏನಾದರೂ ಹೇಳಬೇಕಿತ್ತು. ಕೈಯಾದರೂ ಹಿಡಿದುಕೊಳ್ಳಬೇಕಿತ್ತು. ಬಾಯಿಗೆ ಬಂದದ್ದು ಇದು: "ನಮ್ಮ ಸೈಟಿಂದ ಇದೊಂದೇ ಬಂತಾ? ಬೇರೆ ಯಾವ ಪು‍ಟಾನೂ ಬರ್ಲಿಲ್ವಾ?"

ಇವಳು ತಿರುಗಿ ನನ್ನನ್ನು ನೋಡಿದಳು. ಎಷ್ಟೋ ವಾರಗಳ ನಂತರ ನೋಡಿದಳು. "ಇದೊಂದೇ" ಎಂದು ಎದ್ದು ಹೋದಳು.

ಛೇ, ಎಂಥ ಪ್ರಶ್ನೆ ಕೇಳಿದೆ. ನಾಚಿಕೆಯಾಗುತ್ತಿದೆ. ಲೋಟದಲ್ಲಿ ನೀರು ಹಾಗೇ ಇದೆ.

ಆದರೆ ಉತ್ತರ ಅದರಲ್ಲೇ ಇತ್ತು. ಲಿಂಕ್ ಕಡಿಮೆಯಾದರೆ ಪುಟ ಕೆಳಗಿರುತ್ತದೆ, ಮಾಯವಾಗುವುದಿಲ್ಲ. ಕೇಳಿದ್ದಕ್ಕೆ ಅದರ ಬದಲು ಬೇರೊಂದು ಪುಟ ಬರುತ್ತಿದೆ ಎಂದರೆ ಪುಟದ ಒಳಗೇ ಏನೋ ಆಗಿದೆ. ನಾಳೆ ಒಳಪುಟಗಳನ್ನು ತೆರೆಯಬೇಕು.

ಜೂನ್ 24, ಸೋಮವಾರ

ತೆರೆದೆ.

ಪ್ರತಿ ಪುಟದ ಕೋಡಿನಲ್ಲೂ ಓದುಗರಿಗೆ ಕಾಣದ ಒಂದು ಸಾಲಿರುತ್ತದೆ, 'ನನ್ನ ಮೂಲ ಪುಟ ಇಂಥದ್ದು' ಎಂದು ಸರ್ಚಿಗೆ ತಿಳಿಸುವ ಸಾಲು. ಒಂದೇ ಪುಟಕ್ಕೆ ನಾಲ್ಕು ನಕಲುಗಳಿದ್ದರೆ ಮೂಲವೊಂದನ್ನೇ ತೋರಿಸಲಿ ಎಂದು ಈ ಏರ್ಪಾಟು. ಸಾಮಾನ್ಯವಾಗಿ ಆ ಸಾಲಿನಲ್ಲಿ ಪುಟದ ಸ್ವಂತ ವಿಳಾಸವೇ ಇರುತ್ತದೆ. ಸಿಸ್ಟರ್ ಬರೆದ ಆರೂ ಪುಟಗಳಲ್ಲಿ ಇರುವುದು ಮಗುವಿನ ಚಲನೆಯ ಪುಟದ ವಿಳಾಸ. ಅವು ಹುಟ್ಟಿದಾಗಿನಿಂದ ಸರ್ಚಿಗೆ ಹೇಳುತ್ತ ಬಂದಿರುವುದು ಒಂದೇ ಮಾತು: ನನ್ನನ್ನು ಬಿಡಿ, ಆ ಪುಟವನ್ನು ತೋರಿಸಿ.

ಹೇಗಾಯಿತು ಎಂದರೆ, ನಮ್ಮಲ್ಲಿ ಹೊಸ ಪುಟ ಬೇಕಾದರೆ ಮೂರು ಜನರ ಒಪ್ಪಿಗೆ ಬೇಕು. ಇರುವ ಪುಟವನ್ನು 'ನಕಲು' ಬಟನ್ ಒತ್ತಿ, ಒಳಗಿನದನ್ನು ಅಳಿಸಿ ಬೇರೆ ಬರೆದರೆ ಯಾರ ಒಪ್ಪಿಗೆಯೂ ಬೇಡ. ಹೀಗಾಗಿ ಎಲ್ಲರೂ ನಕಲೇ ಮಾಡುವುದು. ಬರವಣಿಗೆ ಅಳಿಸಿಹೋಗುತ್ತದೆ, ಕಾಣದ ಆ ಸಾಲು ಮಾತ್ರ ಕೂತೇ ಇರುತ್ತದೆ. ಬೇರೆ ವಿಭಾಗಗಳಲ್ಲೂ ಇಂಥವು ಒಂದೆರಡು ಸಿಕ್ಕವು. ಏಳನೆಯದರಲ್ಲಿ ಆರಕ್ಕೆ ಆರೂ.

ಸಿಸ್ಟರಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು.

"ಆ ಪುಟದ ಅಕ್ಷರ ದೊಡ್ಡದಾಗಿ ಚೆನ್ನಾಗಿತ್ತು ಕಣಪ್ಪಾ. ಅಳ್ತಾ ಓದೋರಿಗೆ ಚಿಕ್ಕಕ್ಷರ ಕಾಣಲ್ಲ ಅಂತ ಅದನ್ನೇ ನಕಲು ಮಾಡ್ದೆ. ಹಾಗಾದ್ರೆ ನಾನೇ ಮುಚ್ಚಿಟ್ಟೆನಾ?"

"ನೀವಲ್ಲ ಸಿಸ್ಟರ್. ಆ ಬಟನ್ನು."

"ಯಾವ್ದೋ ಒಂದು. ಸಿಗ್ಲಿಲ್ವಲ್ಲ ಯಾರಿಗೂ." ಆಮೇಲೆ ನನ್ನ ಕಡೆ ತಿರುಗಿ, "ಈಗಾದ್ರೂ ಓದಿದ್ಯಾ?" ಎಂದರು.

"ಓದಿದೆ."

ಸಿಸ್ಟರ್ ಹತ್ತಿರ ಬಂದರು. ನನ್ನ ಬೆನ್ನ ಮೇಲೆ ಕೈಯಿಟ್ಟು ಹಾಗೇ ನಿಂತರು.

ನಿಜವಾಗಿಯೂ ಓದಿದೆ. ಆ ಸಾಲು ತಿದ್ದಲು ಪುಟಕ್ಕೆ ಒಂದು ನಿಮಿಷ ಸಾಕು, ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಅವರು ಎದುರಿಗೆ ಕೂತು ಮಾತಾಡಿದ ಹಾಗೇ ಬರೆದಿದ್ದಾರೆ. 'ಮಗುವನ್ನು ನೋಡಬಹುದು. ಎತ್ತಿಕೊಳ್ಳಬಹುದು. ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಬೇಡ ಎಂದು ಯಾರಾದರೂ ಹೇಳಿದರೆ, ನನಗೆ ಬೇಕು ಎಂದು ಹೇಳಿ. ಮಗು ನಿಮ್ಮದು.' ಇಷ್ಟೇ. ಇವಳು ಕೇಳಿದ್ದ ಎರಡೂ ಪ್ರಶ್ನೆಗಳಿಗೆ ಎರಡು ಸಾಲಿನ ಉತ್ತರ. ಒಂದು ಕೂದಲೆಳೆಯಲ್ಲಿ ತಪ್ಪಿಹೋಯಿತು. ಹೊರಗೆ ಹೋಗಿ ಸ್ಕೂಟರುಗಳು ನಿಂತಿರುವ ಕಡೆ ಸುಮಾರು ಹೊತ್ತು ನಿಂತಿದ್ದೆ.

ಕೊನೆಯ ಪುಟದಲ್ಲಿ, ಮಗುವನ್ನು ನೋಡಲು ಆಗದೇ ಹೋದ ತಾಯಂದಿರಿಗೆ ಎಂದು ಒಂದು ಪ್ಯಾರಾ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಜೂನ್ 28, ಶುಕ್ರವಾರ

ಮೀಟಿಂಗ್. ತಿದ್ದಿದ್ದನ್ನು ಹೇಳಿದೆ. ಏರುಮುಖರಿಗೆ ಖುಷಿಯೋ ಖುಷಿ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಚಲನೆಯ ಪುಟದ ಕೊನೆಯಲ್ಲಿ, 'ತಕ್ಷಣ ಬನ್ನಿ' ಎಂಬ ಸಾಲಿನ ಕೆಳಗೆ, 'ಮಗು ಉಳಿಯದಿದ್ದಾಗ' ವಿಭಾಗಕ್ಕೆ ಒಂದು ಲಿಂಕ್ ಬೇಕು ಎಂದೆ.

"ಅವತ್ತೇ ಹೇಳಿದ್ನಲ್ಲ" ಎಂದರು ದೊಡ್ಡ ಡಾಕ್ಟರ್. "ಹೇಳೋಕೆ ಸಿಸ್ಟರ್ ಇದಾರೆ."

"ನನ್ನ ಹೆಂಡ್ತಿ ಇಲ್ಲಿರ್ಲಿಲ್ಲ ಡಾಕ್ಟ್ರೇ. ಬೇರೆ ಕಡೆ ಇದ್ಲು. ಅಲ್ಲಿ ಸಿಸ್ಟರ್ ಇರ್ಲಿಲ್ಲ, ಫೋನ್ ಇತ್ತು. ನಿಮ್ಮ ಪುಟಾನೇ ಓದಿದ್ಲು. ಕೊನೇ ಸಾಲಿನವರೆಗೂ ಓದಿದ್ಲು. ಅದರ ಕೆಳಗೆ ಏನೂ ಇರ್ಲಿಲ್ಲ. ಅವಳು ಮಗು ಮುಖ ನೋಡ್ಲಿಲ್ಲ, ಕೇಳಬಹುದು ಅಂತ ಅವಳಿಗೆ ಗೊತ್ತಿರ್ಲಿಲ್ಲ."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಏರುಮುಖರು ಎದ್ದು ಹೋಗಿ ಪ್ರೊಜೆಕ್ಟರ್ ಆರಿಸಿದರು. ಅದನ್ನು ಯಾಕೆ ಆರಿಸಿದರೋ, ಆದರೆ ಒಳ್ಳೆಯದಾಯಿತು.

ದೊಡ್ಡ ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಆಮೇಲೆ, "ವಿಭಾಗದ ಹೆಸರು ಬೇಡ. 'ಆಸ್ಪತ್ರೆಯಲ್ಲಿ ನಿಮಗೆ ಕೆಟ್ಟ ಸುದ್ದಿ ಹೇಳಿದ್ದರೆ, ಇದನ್ನು ಓದಿ' ಅಂತ ಹಾಕಿ. ನೆಮ್ಮದಿಯಾಗಿ ಓದ್ತಿರೋಳಿಗೆ ಅದು ತನಗಲ್ಲ ಅಂತ ಗೊತ್ತಾಗುತ್ತೆ. ಬೇಕಾದೋಳಿಗೆ ತನಗೇ ಅಂತ ಗೊತ್ತಾಗುತ್ತೆ" ಎಂದರು. ನನಗೆ ಇಂಥ ಸಾಲು ಹೊಳೆಯುತ್ತಿರಲಿಲ್ಲ. ಹಾಗೇ ಹಾಕಿದೆ.

ಜುಲೈ 5, ಶುಕ್ರವಾರ

ತಿದ್ದಿದ ಕೂಡಲೇ ಆಗುವ ಕೆಲಸವಲ್ಲ ಇದು. ಸರ್ಚಿನ ರೋಬೋಟ್ ಮತ್ತೆ ಬರಬೇಕು, ಓದಬೇಕು, ಹಳೆಯದನ್ನು ಮರೆಯಬೇಕು. ಬಂದಿಲ್ಲ. ಕರೆದರೂ ಬರದ ನೆಂಟರ ಹಾಗೆ ಸತಾಯಿಸುತ್ತಿದೆ.

ಅತ್ತೆ ಇಪ್ಪತ್ತೊಂದಕ್ಕೆ ಬಸ್ಸಿನಲ್ಲಿ ಎರಡು ಸೀಟು ಹಿಡಿದಿದ್ದಾರೆ. ಇವಳ ಚಳಿಗಾಲದ ಸ್ವೆಟರ್ ಕೂಡ ಚೀಲಕ್ಕೆ ಹೋಗಿದೆ. ಇದು ಜುಲೈ. ಚಳಿಗೆ ಇನ್ನೂ ನಾಲ್ಕು ತಿಂಗಳಿದೆ.

ಜುಲೈ 12, ಶುಕ್ರವಾರ

ಒಂದು ಪುಟ ಬಂತು! ಮೂರನೇ ಪರದೆಯಲ್ಲಿ, ಕೆಳಗೆ. ಆದರೂ ಬಂತು. ಸಿಸ್ಟರಿಗೆ ಮೊಬೈಲಿನಲ್ಲಿ ತೋರಿಸಿದರೆ ಕನ್ನಡಕ ಹಣೆಗೇರಿಸಿ ತಮ್ಮದೇ ಬರವಣಿಗೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು, ಬೇರೆ ಯಾರೋ ಬರೆದದ್ದು ಎನ್ನುವ ಹಾಗೆ. "ಪರವಾಗಿಲ್ಲ, ಚೆನ್ನಾಗೇ ಬರ್ದಿದಾರೆ" ಎಂದರು.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಇವಳು ಓದುತ್ತಾಳೆ. ಓದಲು ಕೂತರೆ ಕೊನೆಯ ಪುಟದವರೆಗೂ ಓದುತ್ತಾಳೆ.

ಜುಲೈ 17, ಬುಧವಾರ

ಹೇಳಿದೆ. ಬೀಗದ ಕೈ ಕೊಡುವಾಗ ಹೇಳಿದೆ. "ಅದು ಸರಿಹೋಯ್ತು. ಈಗ ಅದೊಂದೇ ಬರಲ್ಲ" ಎಂದೆ. ಇವಳು ಹ್ಞೂಂ ಎಂದಳು, ಅಷ್ಟೇ. 

ಆರೂ ಪುಟಗಳು ಬಂದಿವೆ. ಎರಡು ಮೊದಲ ಪರದೆಯಲ್ಲಿವೆ. ಹೊಸ ವಿನ್ಯಾಸದಲ್ಲಿ ವಿಭಾಗ ಉಳಿಯುತ್ತದೆ ಎಂದು ಏರುಮುಖರು ಬರೆದು ಕಳಿಸಿದ್ದಾರೆ. ನಕಲು ಬಟನ್ ತೆಗೆದುಹಾಕಿ ಎಂದು ಮೂರು ಜನರ ಒಪ್ಪಿಗೆ ಕೇಳಿದ್ದೇನೆ.

ಜುಲೈ 21, ಭಾನುವಾರ

ಅತ್ತೆ ಒಬ್ಬರೇ ಊರಿಗೆ ಹೋದರು. ನಿಲ್ದಾಣದವರೆಗೂ ಇಬ್ಬರೂ ಹೋಗಿ ಬಸ್ ಹತ್ತಿಸಿ ಬಂದೆವು. ಪಕ್ಕದ ಖಾಲಿ ಸೀಟಿನ ಮೇಲೆ ಚೀಲ ಇಟ್ಟುಕೊಂಡು, "ದುಡ್ಡು ಕೊಟ್ಟಿಲ್ವಾ, ಅದೂ ಕೂರ್ಲಿ" ಎಂದರು. ಬಸ್ ಹೊರಡುವಾಗ ಕಿಟಕಿಯಿಂದ ಕೈ ಚಾಚಿ ಇವಳ ಕೆನ್ನೆ ಸವರಿ, "ನಾನು ಅವತ್ತು ಒಳ್ಳೇದಕ್ಕೇ ಅಂತ ತೋರಿಸ್ಬೇಡಿ ಅಂದಿದ್ದು ಕಣೇ" ಎಂದರು. ಇವಳು ಆ ಕೈ ಹಿಡಿದುಕೊಂಡು ಬಸ್ಸಿನ ಜೊತೆ ಸ್ವಲ್ಪ ದೂರ ನಡೆದಳು.

ಬೆಳಿಗ್ಗೆ ಆದದ್ದನ್ನು ಈಗ ಬರೆಯುತ್ತೇನೆ.

ಚಿಕ್ಕ ಕೋಣೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಇವಳು ಫೋನ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಆ ಕೋಣೆಯ ಹೊಸ್ತಿಲು ದಾಟದವಳು ಒಳಗೆ ಬಂದಳು.

"ಅವತ್ತು ಬರ್ದಿದ್ದನ್ನೇ ಬರ್ದೆ. ಬೇರೆ ಪುಟ ಬಂತು" ಎಂದಳು. "ಎಲ್ಲಾ ಓದಿದೆ." ಆಮೇಲೆ ಫೋನಿನಿಂದ ಗಟ್ಟಿಯಾಗಿ ಓದಿದಳು. ನಾನು ಇಲ್ಲಿ ಬರೆಯುವುದಿಲ್ಲ ಎಂದಿದ್ದ ಪ್ಯಾರಾ ಅದೇ.

'ನೋಡಲು ಆಗದೇ ಹೋಗಿದ್ದರೆ, ನೋಡಿದವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಕೇಳಿ. ಕೂದಲು ಹೇಗಿತ್ತು, ಬೆರಳು ಹೇಗಿತ್ತು, ಯಾರ ಹಾಗಿತ್ತು. ನೀವು ಕೇಳಲಿ ಎಂದು ಅವರೂ ಕಾಯುತ್ತಿರಬಹುದು.'

ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟೆ.

"ನೀವು ನೋಡಿದ್ರಾ?"

"ನೋಡಿದೆ."

"ಎತ್ಕೊಂಡ್ರಾ?"

"ಎತ್ಕೊಂಡೆ. ಅಲ್ಲಿಯ ನರ್ಸ್ ಕೈಗೆ ಕೊಟ್ರು. ಸ್ವಲ್ಪ ಹೊತ್ತು."

ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆ ಸದ್ದು ನಿಂತಿತು. ಇವಳು ನೆಲದ ಮೇಲೆ ಕೂತಳು. ನಾನೂ ಕೂತೆ.

ಕೂದಲಿನಿಂದ ಶುರು ಮಾಡಿದೆ. ದಟ್ಟವಾಗಿತ್ತು, ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಗಲ್ಲ ಇವಳದೇ, ನಡುವೆ ಸಣ್ಣ ಗುಳಿ ಇತ್ತು. ಹುಬ್ಬು ಇನ್ನೂ ಸರಿಯಾಗಿ ಮೂಡಿರಲಿಲ್ಲ, ಆದರೂ ಕೋಪ ಮಾಡಿಕೊಂಡು ಮಲಗಿದವಳ ಹಾಗೆ ಕಾಣುತ್ತಿದ್ದಳು. ಇವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಯಾರಿಗೂ ಹೇಳದೆ ಇಷ್ಟನ್ನು ಇಟ್ಟುಕೊಂಡಿದ್ದೆನಲ್ಲ ಎಂದು ನನಗೇ ಆಶ್ಚರ್ಯವಾಯಿತು. ಒಂದೂ ಮರೆತಿರಲಿಲ್ಲ.

"ಕಿವಿ ನಂದು" ಎಂದೆ. "ಬಲಗಿವಿ ಸ್ವಲ್ಪ ಮೇಲಿತ್ತು."

"ಎಷ್ಟು ಮೇಲೆ?"

ಎರಡು ಬೆರಳ ನಡುವೆ ಅಂತರ ಹಿಡಿದು ತೋರಿಸಿದೆ. ಇವಳು ನನ್ನ ಬೆರಳನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗಡಿಯಲ್ಲಿ ಅಳತೆ ನೋಡುವ ಕಣ್ಣಿನಿಂದಲೇ ನೋಡಿದಳು.

"ಹಾಗಾದ್ರೆ ಅವಳ ಕನ್ನಡಕಾನೂ ಓರೆ ಕೂರ್ತಿತ್ತು" ಎಂದಳು. "ನಾನೇ ಬಗ್ಗಿಸಿ ಕೊಡ್ಬೇಕಾಗ್ತಿತ್ತು."

ಆಮೇಲೆ ಅತ್ತಳು. ನಾನೂ ಅತ್ತೆ. ಏಪ್ರಿಲ್‌ನಿಂದ ಅತ್ತಿರಲಿಲ್ಲ, ಎಷ್ಟು ಜೋರಾಗಿ ಅಳುತ್ತೇನೆ ಎಂದು ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ಅತ್ತೆ ಬಂದು ನಿಂತದ್ದು, ನಿಂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಸ್ವೆಟರನ್ನು ಚೀಲದಿಂದ ತೆಗೆದು ಮತ್ತೆ ಬೀರುವಿಗೆ ಇಟ್ಟವರು ಅವರೇ.

ಬಸ್ ಹತ್ತಿಸಿ ಮನೆಗೆ ಬಂದ ಮೇಲೆ ಇವಳು ನನ್ನ ಮೂಗಿನಿಂದ ಕನ್ನಡಕ ಕಿತ್ತುಕೊಂಡಳು. ಬಿಸಿನೀರಿನ ನಲ್ಲಿಯ ಕೆಳಗೆ ಕಡ್ಡಿ ಹಿಡಿದು, ಬಗ್ಗಿಸಿ, ಹಾಕಿ ನೋಡಿ, ಮತ್ತೆ ತೆಗೆದು ಬಗ್ಗಿಸಿ ಕೊಟ್ಟಳು. ಈಗ ನೇರ ಕೂತಿದೆ.

ಮಗಳ ಬೆರಳುಗಳ ವಿಷಯ ಹೇಳಲು ಹೋದೆ. ಇವಳು ನನ್ನ ಬಾಯಿ ಮುಚ್ಚಿದಳು.

"ಅದು ನಾಳೆ" ಎಂದಳು. "ಒಂದೇ ದಿನ ಎಲ್ಲಾ ಹೇಳಿ ಮುಗಿಸ್ಬೇಡಿ."